ನೂರರ ಲೆಕ್ಕ, ಒಂದು ಮಗು

ಮಗುವಿನ ಮೊಣಕಾಲ ಬಳಿ ಮೂಳೆ ಕ್ಯಾನ್ಸರ್ ಇದೆ ಎಂದು ಗೊತ್ತಾದೊಡನೆ ವೈದ್ಯರು ಎದೆಯ ಸಿಟಿ ಸ್ಕ್ಯಾನ್ ಮಾಡಿಸುತ್ತಾರೆ. ಆಸ್ಟಿಯೋಸಾರ್ಕೋಮಾ ಎಂಬ ಈ ರೋಗ ಹರಡುವುದಾದರೆ ಹೆಚ್ಚಾಗಿ ಶ್ವಾಸಕೋಶಕ್ಕೇ ಹರಡುತ್ತದೆ. ವರದಿಯಲ್ಲಿ ನಾಲ್ಕು ಮಿಲಿಮೀಟರಿನ ಒಂದು ನಾಡ್ಯೂಲ್, ಅಂದರೆ ಚಿಕ್ಕ ಗಂಟು, ಕಾಣಿಸಿತು ಎನ್ನೋಣ. ತಂದೆತಾಯಿ ಕೇಳುವುದು ಒಂದೇ: 'ಮಗು ಉಳಿಯುತ್ತದೆಯೇ?'

ಇದಕ್ಕೆ ಸಿಗುವ ಉತ್ತರ ನಾನು ಪಿಎಚ್.ಡಿ. ಮಾಡುತ್ತಿರುವ ಸಂಖ್ಯಾಶಾಸ್ತ್ರದ್ದು. ಒಳ್ಳೆಯ ಚಿಕಿತ್ಸೆ ಸಿಕ್ಕರೆ, ರೋಗ ಹರಡದ ಮಕ್ಕಳಲ್ಲಿ ನೂರಕ್ಕೆ ಸುಮಾರು 60ರಿಂದ 70 ಮಂದಿ ಐದು ವರ್ಷಗಳ ನಂತರವೂ ಬದುಕಿರುತ್ತಾರೆ. ಪತ್ತೆಯಾದಾಗಲೇ ಹರಡಿದ್ದರೆ ಅದು 20–30ಕ್ಕೆ ಇಳಿಯುತ್ತದೆ. ಮಗುವನ್ನು ಯಾವ ಸಾಲಿಗೆ ಸೇರಿಸಬೇಕು ಎಂಬುದು ಈಗ ಆ ಗಂಟಿನ ಮೇಲೆ ನಿಂತಿದೆ.

ಇಲ್ಲಿ ನಮಗೆ ತಿಳಿಯದ ಸಂಗತಿಗಳು ಎರಡು. ಮೊದಲನೆಯದು, ಆ ಗಂಟು ಏನು ಎಂಬುದು. ಅದು ಕ್ಯಾನ್ಸರ್ ಇರಬಹುದು. ಹಳೆಯ ಸೋಂಕಿನ ಕಲೆಯೂ ಇರಬಹುದು. ಕ್ಷಯ ಇನ್ನೂ ವ್ಯಾಪಕವಾಗಿರುವ ನಮ್ಮ ದೇಶದಲ್ಲಿ ಈ ಎರಡನೆಯ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಕೆಲವು ವಾರ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಬಹುದು, ಅಥವಾ ಗಂಟನ್ನೇ ತೆಗೆದು ಸೂಕ್ಷ್ಮದರ್ಶಕದಡಿ ನೋಡಬಹುದು. ಎರಡನೆಯದು, ಈ ಮಗುವಿನ ನಾಳೆ. ಅದನ್ನು ತೋರಿಸುವ ಯಂತ್ರವಿಲ್ಲ. ಶೇಕಡಾವಾರು ಗುಂಪಿನ ಬಗ್ಗೆ ನಿಜ ಹೇಳುತ್ತದೆ. ಗುಂಪಿನೊಳಗಿನ ಒಬ್ಬನ ಬಗ್ಗೆ ತೀರ್ಪು ಕೊಡುವುದಿಲ್ಲ.

ಇವೆರಡನ್ನೂ ಕಲಸಿ 'ಹರಡಿರಬಹುದು, ಆಸೆ ಕಡಿಮೆ' ಎಂದುಬಿಡುವುದು ಬರೀ ತರ್ಕದೋಷವಲ್ಲ ಎನ್ನುವುದು ನನ್ನ ವಾದ. ಚಿಕಿತ್ಸೆಗಾಗಿ ಹೊಲ ಮಾರಬೇಕಾದ ಮನೆಯಲ್ಲಿ ಆ ಮಾತು ಕೇಳಿದವರು ಮಗುವನ್ನು ಊರಿಗೆ ಕರೆದುಕೊಂಡು ಹೋಗಬಹುದು. ಆಗ ಭವಿಷ್ಯ ಹೇಳಿದ ಮಾತೇ ಭವಿಷ್ಯವನ್ನು ಮಾಡಿಬಿಡುತ್ತದೆ. ಹರಡಿದ್ದು ಖಚಿತವಾದರೂ ಆ ಸಾಲಿನ ಮಕ್ಕಳೆಲ್ಲ ಒಂದೇ ಅಲ್ಲ: ಒಂದೆರಡೇ ಗಂಟುಗಳಿದ್ದು, ಅವನ್ನೆಲ್ಲ ಶಸ್ತ್ರಚಿಕಿತ್ಸೆಯಿಂದ ಪೂರ್ತಿ ತೆಗೆಯಲು ಸಾಧ್ಯವಾದವರ ಸ್ಥಿತಿ ಉಳಿದವರಿಗಿಂತ ಉತ್ತಮ.

ಹಾಗಾದರೆ ಸಂಖ್ಯೆಯನ್ನು ಮುಚ್ಚಿಡಬೇಕೆ? 'ಮಗುವಿಗೆ ಏನೂ ಹೇಳಬೇಡಿ ಡಾಕ್ಟ್ರೇ' ಎನ್ನುವ ಹಿರಿಯರ ಮಾತಿನಲ್ಲಿ ಪ್ರೀತಿಯಿದೆ. ಆದರೆ ಕೀಮೋದಿಂದ ಕೂದಲು ಉದುರಿದ ಹನ್ನೆರಡರ ಹುಡುಗಿಗೆ ಕಾಯಿಲೆ ದೊಡ್ಡದೆಂಬುದು ತಿಳಿದೇ ಇರುತ್ತದೆ. ಮುಚ್ಚಿಟ್ಟಾಗ ಅವಳಿಗೆ ತಪ್ಪುವುದು ಭಯವಲ್ಲ, ಆ ಭಯವನ್ನು ಯಾರೊಡನೆಯಾದರೂ ಹೇಳಿಕೊಳ್ಳುವ ಅವಕಾಶ.

ಕೆನಡಾದ ಟೆರ‍್ರಿ ಫಾಕ್ಸ್‌ಗೆ 1977ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಇದೇ ರೋಗದಿಂದ ಬಲಗಾಲು ಹೋಯಿತು. ಉಳಿಯುವ ಸಾಧ್ಯತೆ ನೂರಕ್ಕೆ 50, ಎರಡು ವರ್ಷ ಹಿಂದಾಗಿದ್ದರೆ 15 ಎಂದು ವೈದ್ಯರು ಹೇಳಿದ್ದರು. ಸಂಶೋಧನೆಯಿಂದ ಸಂಖ್ಯೆ ಬದಲಾಗುತ್ತದೆ ಎಂಬುದನ್ನು ಅವನು ಹಿಡಿದುಕೊಂಡ. ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲು 1980ರಲ್ಲಿ ಕೃತಕ ಕಾಲಿನಲ್ಲಿ 143 ದಿನ, 5,373 ಕಿಲೋಮೀಟರ್ ಓಡಿದ. ರೋಗ ಶ್ವಾಸಕೋಶಕ್ಕೆ ಹರಡಿ ಓಟ ನಿಂತಿತು. ಮರುವರ್ಷ ಜೂನ್‌ನಲ್ಲಿ ತೀರಿಕೊಂಡ. ಅವನಿಗೆ ಹೇಳಿದ ಸಂಖ್ಯೆ ಸುಳ್ಳಾಗಿರಲಿಲ್ಲ. ಅವನು ಅದನ್ನು ತೀರ್ಪೆಂದು ಓದಲಿಲ್ಲ, ಅಷ್ಟೇ.

ಮನೆಯವರಿಗೆ ನಾವು ಕೊಡಬೇಕಾದ ಸತ್ಯ ಐದು ಭಾಗದ್ದು: ಇದು ಗೊತ್ತಿದೆ, ಇದು ಇನ್ನೂ ಗೊತ್ತಿಲ್ಲ, ಇಂಥ ದಿನ ಗೊತ್ತಾಗುತ್ತದೆ, ಇದು ಯಾರಿಗೂ ಗೊತ್ತಾಗದು, ಅಲ್ಲಿಯವರೆಗೆ ನಾವು ಮಾಡುವುದು ಇದು. ಈ ಕೊನೆಯ ಮಾತನ್ನು ಬಿಟ್ಟರೆ ಉಳಿದ ನಾಲ್ಕೂ ನಿಜವಾಗಿದ್ದರೂ ಸಾಲವು.