ಹೊರೆ ಹೊರುವ ಬೆನ್ನು ಯಾರದು?



‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇವೆ. ದುಡಿಮೆಯ ಹಿರಿಮೆಯನ್ನು ಸಾರುವ ಈ ಗಾದೆ ಕೈಯ ವಿಚಾರ ಹೇಳುತ್ತದೆ, ಬಾಯಿಯ ವಿಚಾರವನ್ನೂ ಹೇಳುತ್ತದೆ. ಬೆನ್ನಿನ ವಿಚಾರದಲ್ಲಿ ಮಾತ್ರ ಮೌನವಾಗಿದೆ. ಕೆಸರಾದ ಕೈಯನ್ನು ಸಂಜೆ ತೊಳೆದುಕೊಳ್ಳಬಹುದು. ಸವೆದ ಬೆನ್ನನ್ನು ಹಾಗೆ ಸರಿಪಡಿಸಲಾಗದು. ಮೈಮುರಿದು ದುಡಿಯುವವರು ತಮ್ಮ ಮೈಯನ್ನು ಕಾಪಾಡಿಕೊಳ್ಳುವುದು ಸ್ವಾರ್ಥವೇ ಅಥವಾ ಕರ್ತವ್ಯವೇ? ಈ ಪ್ರಶ್ನೆಯನ್ನು ಕುರಿತು ನಿಮ್ಮೊಡನೆ ಚಿಂತಿಸಬಯಸುತ್ತೇನೆ.

ನಮ್ಮ ಧರ್ಮಕೇಂದ್ರಗಳ ಕುಟುಂಬಗಳನ್ನೇ ನೋಡಿ. ಎಪಿಎಂಸಿ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಹಮಾಲರು, ಗಾರೆ ಕೆಲಸದವರು, ಕಾಫಿ ತೋಟದಲ್ಲಿ ಏಣಿ ಹತ್ತಿ ಕರಿಮೆಣಸು ಕೊಯ್ಯುವವರು, ಆಸ್ಪತ್ರೆಯಲ್ಲಿ ರೋಗಿಗಳನ್ನು ಎತ್ತಿ ಮಲಗಿಸುವ ದಾದಿಯರು ಅಲ್ಲಿದ್ದಾರೆ. ಇವರಲ್ಲಿ ಅನೇಕರು ಸೊಂಟನೋವನ್ನು ಮನೆಯವರಿಗೂ ಹೇಳದೆ, ಮಾತ್ರೆಯೊಂದನ್ನು ನುಂಗಿ ಕೆಲಸಕ್ಕೆ ಹೊರಡುತ್ತಾರೆ. ‘ನಾನು ಸವೆದರೂ ಚಿಂತೆಯಿಲ್ಲ, ಮಕ್ಕಳು ಓದಲಿ’ ಎಂಬುದು ಅವರ ಮನದ ಮಾತು. ಈ ಪ್ರೀತಿಗೆ ಯಾರಾದರೂ ತಲೆಬಾಗಲೇಬೇಕು.

ಆದರೂ ತ್ಯಾಗಕ್ಕೂ ನಷ್ಟಕ್ಕೂ ವ್ಯತ್ಯಾಸವಿದೆ. ಮತ್ತೊಬ್ಬರ ಒಳಿತಿಗಾಗಿ ಅರಿತು ಕೊಡುವುದು ತ್ಯಾಗ. ಯಾರಿಗೂ ಒಳಿತಾಗದೆ ಕಳೆದುಹೋಗುವುದು ನಷ್ಟ. ಮೊಣಕಾಲು ಬಗ್ಗಿಸದೆ ಸೊಂಟದಿಂದಲೇ ಬಾಗಿ ಮೂಟೆ ಎತ್ತಿದರೆ ಮಕ್ಕಳ ತಟ್ಟೆಗೆ ಒಂದು ತುತ್ತೂ ಹೆಚ್ಚಾಗಿ ಬೀಳುವುದಿಲ್ಲ. ಮುರುಕು ಏಣಿಯನ್ನು ಹತ್ತಿದ್ದಕ್ಕೆ ಯಾರೂ ಹೆಚ್ಚು ಕೂಲಿ ಕೊಡುವುದಿಲ್ಲ. ನಲವತ್ತೈದನೆಯ ವಯಸ್ಸಿಗೇ ಹಾಸಿಗೆ ಹಿಡಿದ ತಂದೆಯ ಹೊರೆ ಮಾಯವಾಗುವುದೂ ಇಲ್ಲ. ಅದು ತಾಯಿಯ ತಲೆಯ ಮೇಲಕ್ಕೋ, ಶಾಲೆ ಬಿಟ್ಟ ಹಿರಿಯ ಮಗನ ಹೆಗಲಿಗೋ ಜಾರುತ್ತದೆ. ನಮ್ಮ ದೇಹ ನಮ್ಮೊಬ್ಬರ ಸೊತ್ತಲ್ಲ. ದೇವರು ನಮ್ಮ ಕೈಗೊಪ್ಪಿಸಿದ ಆ ನಿಧಿಯಲ್ಲಿ ನಮ್ಮನ್ನು ನಂಬಿದವರಿಗೂ ಪಾಲಿದೆ.

ಹಾಗಾದರೆ ಕಾಪಾಡಿಕೊಳ್ಳುವ ಬಗೆ ಹೇಗೆ? ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿಯಿರಿ. ಬಳಿಕ ಅದನ್ನೇ ಕೈ ಚಾಚಿ ಹಿಡಿಯಿರಿ. ಕೊಡದ ತೂಕ ಒಂದೇ, ಬೆನ್ನಿನ ಮೇಲಿನ ಭಾರ ಬೇರೆ. ಹೊರೆ ಮೈಯಿಂದ ದೂರವಾದಷ್ಟೂ ಬೆನ್ನುಮೂಳೆಯ ಕೆಳಭಾಗದ ಮೇಲೆ ಬೀಳುವ ಒತ್ತಡ ಏರುತ್ತದೆ. ಬಾಗಿದ ಬೆನ್ನನ್ನು ಹೊರೆಯೊಡನೆ ತಿರುಚಿದರಂತೂ ಅಪಾಯ ಇನ್ನೂ ಹೆಚ್ಚು. ಆದ್ದರಿಂದ ಮೊಣಕಾಲು ಬಗ್ಗಿಸಿ, ಹೊರೆಯನ್ನು ಎದೆಗೆ ಹತ್ತಿರ ಹಿಡಿದು ಏಳಬೇಕು; ತಿರುಗುವಾಗ ಸೊಂಟವನ್ನಲ್ಲ, ಪಾದಗಳನ್ನು ತಿರುಗಿಸಬೇಕು. ಮುಂಜಾನೆ ಮೊದಲ ಮೂಟೆಗೆ ಕೈಹಾಕುವ ಮುನ್ನ ಕೈಕಾಲುಗಳನ್ನು ಸ್ವಲ್ಪ ಆಡಿಸಿ ಮೈ ಬಿಸಿಮಾಡಿಕೊಳ್ಳಬೇಕು. ದಣಿದ ಸ್ನಾಯು ಬೆನ್ನಿಗೆ ಆಸರೆಯಾಗಲಾರದು; ಆದುದರಿಂದ ನಡುನಡುವೆ ನೀರು ಮತ್ತು ಬಿಡುವು ಬೇಕು. ಸಾಮಾನ್ಯ ಬೆನ್ನುನೋವಿಗೆ ವಾರಗಟ್ಟಲೆ ಮಲಗುವುದಕ್ಕಿಂತ ಮೆಲ್ಲನೆ ಓಡಾಡುತ್ತಿರುವುದು ಲೇಸು. ಆದರೆ ನೋವು ಕಾಲಿಗಿಳಿದು ಜೋಮು ಹಿಡಿದರೆ ವೈದ್ಯರನ್ನು ಕಾಣಬೇಕು. ಕಾಲು ಬಲಗುಂದಿದರೆ ಅಥವಾ ಮಲಮೂತ್ರಗಳ ಹಿಡಿತ ತಪ್ಪಿದರೆ ಒಂದು ಗಂಟೆಯೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

‘ದಿನಗೂಲಿಯವನಿಗೆ ಬಿಡುವೆಲ್ಲಿ? ಒಂದು ದಿನ ಕೂತರೆ ಒಲೆ ಉರಿಯುವುದಿಲ್ಲ’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇಲ್ಲಿಯೇ ನಮ್ಮ ವಿಚಾರ ಹೊರುವವನಿಂದ ಹೊರಿಸುವವನತ್ತ ತಿರುಗಬೇಕು. ಅಮೆರಿಕದ ಔದ್ಯೋಗಿಕ ಸುರಕ್ಷತೆಯ ರಾಷ್ಟ್ರೀಯ ಸಂಸ್ಥೆಯು 1991ರಲ್ಲಿ ಪರಿಷ್ಕರಿಸಿದ ಸೂತ್ರದ ಪ್ರಕಾರ, ಎಲ್ಲ ಅನುಕೂಲಗಳಿದ್ದರೂ ಒಬ್ಬರು ಎರಡು ಕೈಗಳಿಂದ ಎತ್ತಲು ಶಿಫಾರಸು ಮಾಡಬಹುದಾದ ಮಿತಿ 23 ಕಿಲೋ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1967ರ ತನ್ನ ಶಿಫಾರಸಿನಲ್ಲಿ ವಯಸ್ಕ ಪುರುಷನೊಬ್ಬ ಹೊರುವ ಭಾರಕ್ಕೆ 55 ಕಿಲೋ ಮಿತಿ ಹಾಕಿ, ಸ್ತ್ರೀಯರಿಗೆ ಅದಕ್ಕಿಂತ ಬಹಳ ಕಡಿಮೆ ಇರಬೇಕೆಂದಿತು. ನಮ್ಮ ಸಿಮೆಂಟಿನ ಚೀಲ 50 ಕಿಲೋ ತೂಗುತ್ತದೆ. ಹಮಾಲರು ಅಂಥ ಹೊರೆಯನ್ನು ಹೊರುವುದು ದಿನಕ್ಕೆ ಒಂದೆರಡು ಬಾರಿಯಲ್ಲ. ಗಾಯವಾಗುವಷ್ಟು ಭಾರವನ್ನು ಯಾರಿಂದಲೂ ಹೊರಿಸಬಾರದೆಂಬ ನಿಯಮ ನಮ್ಮ ದೇಶದ 1948ರ ಕಾರ್ಖಾನೆ ಕಾಯಿದೆಯಲ್ಲಿತ್ತು. ಆದರೆ ಅದು ಕಾರ್ಖಾನೆಯ ಗೋಡೆಗಳೊಳಗಿನ ಮಾತಾಗಿತ್ತು. ಮಂಡಿಯ ಅಂಗಳಕ್ಕೂ ಮನೆ ಕಟ್ಟುವ ಜಾಗಕ್ಕೂ ಅದು ತಲುಪುತ್ತಿರಲಿಲ್ಲ.

ಕಾಯಿದೆ ತಲುಪದ ಕಡೆಗೂ ಮನಸ್ಸಾಕ್ಷಿ ತಲುಪಬೇಕು. ಪೋಪ್ ಹದಿಮೂರನೆಯ ಲಿಯೋ ಅವರು 1891ರ ‘ರೇರುಂ ನೊವಾರುಂ’ ವಿಶ್ವಪತ್ರದಲ್ಲಿ, ಮನಸ್ಸು ಮಂಕಾಗಿ ಮೈ ಸವೆದುಹೋಗುವಷ್ಟು ದುಡಿಸಿಕೊಳ್ಳುವುದು ನ್ಯಾಯವೂ ಅಲ್ಲ, ಮನುಷ್ಯತ್ವವೂ ಅಲ್ಲವೆಂಬ ನಿಲುವನ್ನು ಮುಂದಿಟ್ಟರು. ಪೋಪ್ ಎರಡನೆಯ ಜಾನ್ ಪೌಲ್ ಅವರು ತಾರುಣ್ಯದಲ್ಲಿ, 1940ರಲ್ಲಿ, ಪೋಲೆಂಡಿನ ಕಲ್ಲುಗಣಿಯೊಂದರಲ್ಲಿ ಸ್ವತಃ ದುಡಿದವರು. ದುಡಿಮೆಯ ಸ್ಥಳವು ಕಾರ್ಮಿಕನ ದೇಹಾರೋಗ್ಯವನ್ನು ಕೆಡಿಸದಂತಿರುವುದು ಅವನ ಹಕ್ಕೆಂದು ಅವರು 1981ರ ತಮ್ಮ ವಿಶ್ವಪತ್ರದಲ್ಲಿ ಎಣಿಸಿದ್ದಾರೆ. ಆದ್ದರಿಂದ ಗಟ್ಟಿ ಏಣಿ, ತಳ್ಳುಗಾಡಿ, ಇಬ್ಬರು ಸೇರಿ ಎತ್ತುವ ಏರ್ಪಾಡು, ಕೂಲಿ ಕಡಿತವಿಲ್ಲದ ಅರ್ಧ ಗಂಟೆಯ ಬಿಡುವು ಇವು ಮಾಲೀಕನು ತೋರುವ ದಯೆಯಲ್ಲ. ಅವನು ತೀರಿಸಬೇಕಾದ ಋಣ.

ಬೈಬಲಿನ ಒಂದು ಪ್ರಸಂಗ ಇಲ್ಲಿ ನೆನಪಿಗೆ ಬರುತ್ತದೆ. ಪ್ರವಾದಿ ಎಲೀಯನು ಮರುಭೂಮಿಯಲ್ಲಿ ದಣಿದು ಗಿಡವೊಂದರ ಕೆಳಗೆ ಕುಸಿದು, ಸಾವನ್ನೇ ಬೇಡಿದನು. ದೇವದೂತನು ಬಂದು ಅವನನ್ನು ಗದರಿಸಲಿಲ್ಲ, ಉಪದೇಶ ಮಾಡಲಿಲ್ಲ. ರೊಟ್ಟಿ ಮತ್ತು ನೀರನ್ನಿತ್ತನು. ಎಲೀಯನು ತಿಂದು ಮತ್ತೆ ಮಲಗಿದನು. ದೂತನು ಎರಡನೆಯ ಸಲ ಎಬ್ಬಿಸಿ ಉಣಿಸಿದನು. ಆಮೇಲೆಯೇ ಹೋರೇಬ್ ಬೆಟ್ಟದವರೆಗಿನ ನಲವತ್ತು ದಿನಗಳ ನಡಿಗೆ. ದೇವರ ಕೆಲಸಕ್ಕೆ ಹೊರಟವನಿಗೂ ಅನ್ನ ಮತ್ತು ನಿದ್ದೆ ಮೊದಲು ಬೇಕಾದವು. ಹೀಗಿರಲು, ದಣಿದವನ ವಿಶ್ರಾಂತಿಯನ್ನು ಸೋಮಾರಿತನವೆಂದು ಜರೆಯಲು ನಾವು ಯಾರು?

ಆತ್ಮೀಯರೇ, ಇದು ದೊಡ್ಡ ಮಾಲೀಕರಿಗೆ ಮಾತ್ರ ಹೇಳಿದ ಮಾತಲ್ಲ. ನಮ್ಮ ಮನೆಗೆ ಬರುವ ಅಡುಗೆ ಅನಿಲದ ಸಿಲಿಂಡರಿನಲ್ಲಿ ಅನಿಲವೇ 14.2 ಕಿಲೋ, ಕಬ್ಬಿಣದ ತೂಕವೂ ಸೇರಿದರೆ ಸುಮಾರು 30 ಕಿಲೋ. ಮೂರನೆಯ ಮಹಡಿಗೆ ಅದನ್ನು ಹೆಗಲ ಮೇಲೆ ಹೊತ್ತು ತಂದವನಿಗೆ ‘ಯಾಕಪ್ಪಾ ಇಷ್ಟು ತಡ?’ ಎಂದು ಕೇಳುತ್ತೇವೆಯೋ, ಒಂದು ಲೋಟ ನೀರು ಕೊಟ್ಟು ಐದು ನಿಮಿಷ ಕೂರಿಸುತ್ತೇವೆಯೋ? ಇಂದು ರಾತ್ರಿ ಕುಟುಂಬ ಪ್ರಾರ್ಥನೆ ಮುಗಿದ ಮೇಲೆ, ನಿಮ್ಮ ಮನೆಯಲ್ಲಿ ಮೈಮುರಿದು ದುಡಿಯುವವರನ್ನು ಬಳಿಯಲ್ಲಿ ಕೂರಿಸಿಕೊಂಡು ‘ಎಲ್ಲಿ ನೋಯುತ್ತಿದೆ?’ ಎಂದು ಕೇಳಿರಿ. ‘ಏನೂ ಇಲ್ಲ’ ಎಂಬ ಉತ್ತರ ಬಂದರೆ, ಇನ್ನೊಮ್ಮೆ ಕೇಳಿರಿ.