ಚರ್ಚಿಗೆ ಹೋದರೆ ದೋಷವೇ?

ಪ್ರಶ್ನೆ: ಮಗಳಿಗೆ ಕಾಯಿಲೆಯಾದಾಗ ಬಾಜೂ ಮನೆಯ ಕ್ರೈಸ್ತ ಅಕ್ಕಾವರು ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ ಹರಕೆ ಹೊತ್ತಿದ್ದರು. ಈಗ ತಪಸ್ಸು ಕಾಲದ ಯಾತ್ರೆಗೆ ನಮ್ಮನ್ನೂ ಕರೀತಿದ್ದಾರೆ. ಅತ್ತೆಯವರು ದೋಷ ಅಂತಾರೆ. ಹೋಗಬಹುದೇ?
– ಓದುಗರೊಬ್ಬರು, ಹಲಗೇರಿ

ಉತ್ತರ: ಧಾರಾಳವಾಗಿ ಹೋಗಿಬನ್ನಿ, ತಾಯಿ. ನಿಮ್ಮ ಮಗುವಿಗಾಗಿ ಇನ್ನೊಬ್ಬರು ಹೊತ್ತ ಹರಕೆ ನಿಮಗೂ ಋಣವೇ. 1933ರಲ್ಲಿ ಆ ಚರ್ಚಿಗೆ ಅಡಿಗಲ್ಲು ಇಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ನಿಮ್ಮ ಜಿಲ್ಲೆಯ ಶಿಶುನಾಳ ಶರೀಫರಿಗೆ ಗುರುಗಳು ಗೋವಿಂದಭಟ್ಟರು. ಅತ್ತೆಯವರಿಗೆ ಇದನ್ನು ನೆನಪಿಸಿ.

ಆದರೆ ಅದು ಅವರ 40 ದಿನಗಳ ವ್ರತಕಾಲ; ಆಡಂಬರ ಬೇಡ. ಬಲಿಪೂಜೆಯ ಪರಮಪ್ರಸಾದ ದೀಕ್ಷೆ ಪಡೆದವರಿಗೆ ಮಾತ್ರ. ಗುಡಿಯ ಪ್ರಸಾದ ಅಂದುಕೊಂಡು ಕೈ ಚಾಚಬೇಡಿ. ಮೇಣದಬತ್ತಿ ಹಚ್ಚಿ, ಸುಮ್ಮನೆ ಕೂತು ಕೈಮುಗಿಯಿರಿ. ಮನೆಗೆ ಬಂದು ಎಂದಿನಂತೆ ಸಂಜೆ ದೀಪ ಹಚ್ಚಿ. ಪ್ರಾಯಶ್ಚಿತ್ತವೇನೂ ಬೇಕಿಲ್ಲ.