ಎಲ್ಲ ನಕ್ಷತ್ರವೂ ಶಿವನದೇ



ಮುರ್ಡೇಶ್ವರನ ಸನ್ನಿಧಿಯಲ್ಲಿ ಸೇವೆ ಮಾಡಿಸುವಾಗ ಗೋತ್ರ, ನಕ್ಷತ್ರ, ರಾಶಿ ಹೇಳಿ ಸಂಕಲ್ಪ ಮಾಡುವುದು ವಾಡಿಕೆ. ರೋಹಿಣಿ, ಉತ್ತರಾ ಅನ್ನುವವರ ದನಿ ಗಟ್ಟಿ. ‘ಮೂಲಾ’ ಅನ್ನಬೇಕಾದ ಹೆಣ್ಣುಮಗಳ ದನಿ ಮಾತ್ರ ಗಂಟಲಲ್ಲೇ ಉಳಿದುಬಿಡುತ್ತದೆ. ಮೂಲಾ ನಕ್ಷತ್ರದ ಸೊಸೆ ಮಾವನಿಗೆ ಆಗಿಬರುವುದಿಲ್ಲ ಎಂದು ಕೂಡಿಬಂದ ಸಂಬಂಧ ಮುರಿದ ಮನೆಗಳು ಎಷ್ಟಿಲ್ಲ!

ಹಾಗಾದರೆ ನಕ್ಷತ್ರ ಯಾವುದರಿಂದ ಆಗಿದೆ? ಒಂದು ಅಮೃತದಿಂದ, ಇನ್ನೊಂದು ವಿಷದಿಂದಲೇ?

ಇದರ ಉತ್ತರ ಹುಡುಕಿದ ಕೆಲಸದಲ್ಲಿ ಕನ್ನಡ ನೆಲಕ್ಕೂ ಪಾಲಿದೆ. 1868ರ ಆಗಸ್ಟ್ 18ರಂದು ಖಗ್ರಾಸ ಸೂರ್ಯಗ್ರಹಣ. ಜಮಖಂಡಿಯಲ್ಲಿ ಜಾನ್ ಹರ್ಷೆಲ್, ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಸೂರ್ಯನ ಅಂಚಿನ ಜ್ವಾಲೆಯ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡಿದರು. ಹೊಳೆಯುವ ಗೆರೆಗಳು ಕಂಡವು. ಆ ಜ್ವಾಲೆ ಕಾದ ಅನಿಲವೆಂದು ತಿಳಿಯಿತು. ಅದೇ ವರ್ಷ ಸೂರ್ಯನ ಬೆಳಕಿನ ಒಂದು ಹಳದಿ ಗೆರೆ, ಭೂಮಿಯಲ್ಲಿ ಆವರೆಗೆ ಗುರುತಿಸಿರದ ಒಂದು ಧಾತುವಿನ ಸುಳಿವು ಕೊಟ್ಟಿತು. ಅದೇ ಹೀಲಿಯಂ. 1925ರಲ್ಲಿ ಸಿಸಿಲಿಯಾ ಪೇನ್ ಎಂಬ ಹೆಣ್ಣುಮಗಳು, ನಮ್ಮ ದೇಶದ ಮೇಘನಾದ ಸಾಹಾ ಅವರ ಸೂತ್ರ ಹಿಡಿದು, ನಕ್ಷತ್ರಗಳಲ್ಲಿ ಎಲ್ಲಕ್ಕಿಂತ ಹೆಚ್ಚಿರುವುದು ಜಲಜನಕ, ಆಮೇಲೆ ಹೀಲಿಯಂ ಎಂದು ಲೆಕ್ಕ ಹಾಕಿ ತೋರಿಸಿದರು. ಸೂರ್ಯನ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ಜಲಜನಕವೇ. ಕಂದುಕಗಿರಿಯನ್ನು ಮೂರು ಕಡೆ ಸುತ್ತಿದ ಕಡಲಿನ ಒಂದೊಂದು ಹನಿಯಲ್ಲೂ ಆ ಜಲಜನಕವಿದೆ. ರೋಹಿಣಿಯಲ್ಲೂ ಅದೇ, ಮೂಲಾದಲ್ಲೂ ಅದೇ. ವಿಷದ ನಕ್ಷತ್ರ ಅಂತ ಒಂದೂ ಇಲ್ಲ.

ಇನ್ನು ಆರ್ದ್ರಾ ನಕ್ಷತ್ರ ನೋಡಿ. ಅದರ ಅಧಿದೇವತೆ ರುದ್ರ. ಅದು ಮುಪ್ಪಾದ ಕೆಂಪು ಮಹಾನಕ್ಷತ್ರ, ಮುಂದೊಂದು ಕಾಲಕ್ಕೆ ಸಿಡಿಯುವಂಥದ್ದು. ಭೂಮಿ ಹುಟ್ಟುವ ಮೊದಲೇ ಇಂಥ ಎಷ್ಟೋ ನಕ್ಷತ್ರಗಳು ಸಿಡಿದು ಚೆಲ್ಲಿದ್ದೇ ಉಸಿರಿನ ಆಮ್ಲಜನಕ, ಎಲುಬಿನ ಸುಣ್ಣ, ನೆತ್ತರಿನ ಕಬ್ಬಿಣ. ಲಯವಾಗದೆ ಸೃಷ್ಟಿಯಿಲ್ಲ ಅನ್ನುವುದು ಸುಮ್ಮನೆ ಮಾತಲ್ಲ. ಹಣೆಗೆ ಹಚ್ಚುವ ವಿಭೂತಿಯಲ್ಲೂ ಇರುವುದು ಆ ಹಳೆಯ ನಕ್ಷತ್ರಗಳ ಬೂದಿಯೇ.

ಸೊಸೆಯ ನೆತ್ತರಿನ ಕಬ್ಬಿಣ ಬೇರೆ, ಮಾವನದು ಬೇರೆ ಎಂದು ಯಾವ ಪಂಚಾಂಗವೂ ವಿಂಗಡಿಸಲಾರದು. ಭಸ್ಮಧಾರಿಯ ಎದುರು ಕೈಮುಗಿದು ಮನೆಗೆ ಹೋದ ಮೇಲೆ, ಹೆಣ್ಣು ನೋಡುವಾಗ ಅವಳ ಗುಣ ಕೇಳಿ, ಮನಸ್ಸು ಕೇಳಿ. ನಕ್ಷತ್ರದ ಹೆಸರು ಹೇಳಿ ಒಂದು ಜೀವವನ್ನು ನೋಯಿಸಬೇಡಿ. ಅದೂ ಶಿವಪೂಜೆಯೇ.

ಓಂ ನಮಃ ಶಿವಾಯ.